ನೆಲದಡಿಯ ನಿಲ್ದಾಣದಲ್ಲಿ ಸೋದರತ್ತೆ

ವಾಚಕ ಬಂಧುಗಳಲ್ಲಿ ಅನೇಕರು ಮದುವೆ, ಆಸ್ಪತ್ರೆ, ಮಕ್ಕಳ ವಿದ್ಯಾಭ್ಯಾಸ ಮೊದಲಾದ ಕಾರಣಗಳಿಗಾಗಿ ಬೆಂಗಳೂರಿಗೆ ಬಂದು ಹೋಗುವವರೇ ಆಗಿದ್ದೀರಿ. ಹಾಗೆ ಬಂದವರು ಬಸ್ಸಿನಿಂದಿಳಿದು ಮೊದಲು ಕಣ್ಣು ಬಿಡುವುದು ಮೆಜೆಸ್ಟಿಕ್ಕಿನಲ್ಲಿ. ಅಲ್ಲಿನ ಮೆಟ್ರೋ ನಿಲ್ದಾಣದಲ್ಲಿ ನಮ್ಮ ಕೈಯಿಂದ ನಡೆದುಹೋದ ಒಂದು ಪ್ರಮಾದವನ್ನು ಮುಚ್ಚಿಡದೆ ಈ ಸಂಚಿಕೆಯಲ್ಲಿ ಅರಿಕೆ ಮಾಡಿಕೊಳ್ಳುತ್ತಿದ್ದೇವೆ.

ರಾಣೆಬೆನ್ನೂರಿನಿಂದ ನಮ್ಮ ಸೋದರತ್ತೆಯವರು ಬಂದಿದ್ದರು. ವಯಸ್ಸು 78. ಜಯನಗರದಲ್ಲಿ ಮೊಮ್ಮಗಳ ಮನೆಯ ಗೃಹಪ್ರವೇಶ. ಬಸ್ಸು ತಡವಾಗಿ, ಬೆಳಗಿನ ಒಂಬತ್ತಾಗಿತ್ತು. ಆಟೋ ಮಾಡೋಣವೆಂದು ಅವರು. ಮೆಟ್ರೋದಲ್ಲಿ ಬಹುಬೇಗ ತಲುಪಬಹುದೆಂದು ನಾವು. ನಮ್ಮ ಊರನ್ನು ಹಿರಿಯರಿಗೆ ತೋರಿಸಬೇಕೆಂಬ ಹಮ್ಮೂ ಕೊಂಚ ಇತ್ತೆಂಬುದನ್ನು ಒಪ್ಪಲೇಬೇಕು.

ಈ ನಿಲ್ದಾಣದ ಪೂರ್ಣ ಹೆಸರು ನಾಡಪ್ರಭು ಕೆಂಪೇಗೌಡ ನಿಲ್ದಾಣ, ಮೆಜೆಸ್ಟಿಕ್. ಮೊದಲನೆಯದು ಊರು ಕಟ್ಟಿದವರ ಹೆಸರು, ಎರಡನೆಯದು ಈಗ ಇಲ್ಲವಾಗಿರುವ ಒಂದು ಚಿತ್ರಮಂದಿರದ ಹೆಸರು. ಜನರ ಬಾಯಲ್ಲಿ ಉಳಿದಿರುವುದು ಚಿತ್ರಮಂದಿರವೇ! ಬೆಂಗಳೂರಿನ ಮೆಟ್ರೋ 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಗೂ ಮಹಾತ್ಮ ಗಾಂಧಿ ರಸ್ತೆಗೂ ನಡುವೆ ಆರಂಭವಾಯಿತಾದರೂ ಮೆಜೆಸ್ಟಿಕ್ಕಿಗೆ ಅದು ಬಂದುದು 2016ರ ಏಪ್ರಿಲ್ ಕೊನೆಯಲ್ಲಿ, ನೇರಳೆ ಮಾರ್ಗದ ಸುರಂಗವು ತೆರೆದಾಗ. ಹಸಿರು ಮಾರ್ಗವು ಅದರ ಕೆಳಗೆ ಹಾದು ಬಂದು ಸೇರಿದುದು 2017ರ ಜೂನ್ ತಿಂಗಳಲ್ಲಿ. ಸುರಂಗ ಕೊರೆದ ಯಂತ್ರಗಳಿಗೆ ಕಾವೇರಿ, ಕೃಷ್ಣಾ, ಗೋದಾವರಿ ಎಂದು ನದಿಗಳ ಹೆಸರಿಟ್ಟಿದ್ದರು. ಚಿಕ್ಕಪೇಟೆಯ ಭಾಗದಲ್ಲಿ ಹಳೆಯ ಮನೆಗಳ ಅಡಿಯಲ್ಲಿ ಒಂದೆಡೆ ಗಟ್ಟಿ ಬಂಡೆ, ಮತ್ತೊಂದೆಡೆ ಸಡಿಲು ಮಣ್ಣು ಎದುರಾಗಿ ಆ ಯಂತ್ರಗಳು ಪಟ್ಟ ಪಾಡನ್ನು ಪತ್ರಿಕೆಗಳಲ್ಲಿ ಓದಿದವರಿಗೆ ನೆನಪಿರಬಹುದು.

ಎಸ್ಕಲೇಟರ್ ಕಂಡೊಡನೆ ಅತ್ತೆಯವರು ಸೀರೆಯ ನೆರಿಗೆ ಹಿಡಿದು ಹಿಂದೆ ಸರಿದರು. ಹೊಳೆಯಂತೆ ಹರಿಯುವ ಮೆಟ್ಟಿಲನ್ನು ಅವರು ನಂಬಲಿಲ್ಲ, ನಾವೂ ಒತ್ತಾಯಿಸಲಿಲ್ಲ. ಲಿಫ್ಟಿನಲ್ಲಿ ಇಳಿದೆವು. ಮೊದಲು ಟಿಕೆಟ್ಟಿನ ಅಂತಸ್ತು, ಅದರ ಕೆಳಗೆ ಪೂರ್ವ ಪಶ್ಚಿಮವಾಗಿ ಓಡುವ ನೇರಳೆ ಗಾಡಿ, ಇನ್ನೂ ಕೆಳಗೆ ಉತ್ತರ ದಕ್ಷಿಣವಾಗಿ ಓಡುವ ಹಸಿರು ಗಾಡಿ. ಇಬ್ಬರಿಗೂ ಸೇರಿಸಿ ಟಿಕೆಟನ್ನು ನಮ್ಮ ಮೊಬೈಲಿನಲ್ಲಿಯೇ ತೆಗೆದಿದ್ದೆವು. ಹೊರೆ ಬೇಡವೆಂದು ಅವರ ಕೈಚೀಲವನ್ನೂ ನಾವೇ ಹಿಡಿದಿದ್ದೆವು. ಅವರ ಫೋನು ಅದರೊಳಗಿತ್ತು.

ಗಾಡಿ ಬಂತು. ಜನ ಇಳಿದರು, ಜನ ನುಗ್ಗಿದರು. ಹಿಂದಿನ ಕಾಲದಲ್ಲಿ ಕಿಟಕಿಯಿಂದ ಟವೆಲ್ಲು ಹಾಕಿ ಸೀಟು ಹಿಡಿದ ಅಭ್ಯಾಸ ನಮ್ಮನ್ನು ಇನ್ನೂ ಬಿಟ್ಟಿಲ್ಲ. ಅತ್ತೆಯವರಿಗೊಂದು ಜಾಗ ಹಿಡಿಯಬೇಕೆಂಬ ಆತುರದಲ್ಲಿ ನಾವು ಮುಂದಾಗಿ ಒಳಗೆ ಹೋಗಿ, ಕೈಚೀಲವನ್ನು ಆಸನದ ಮೇಲಿಟ್ಟು, ತಿರುಗಿ ನೋಡುವುದರೊಳಗೆ ಬಾಗಿಲು ಮುಚ್ಚಿತು. ಗಾಜಿನ ಆಚೆ ಅವರು ನಿಂತಿದ್ದರು. ಹಣೆಯ ವಿಭೂತಿ, ಹಸಿರು ಇಳಕಲ್ ಸೀರೆ ಒಂದು ಕ್ಷಣ ಕಂಡು ಮರೆಯಾದವು.

ಚಿಕ್ಕಪೇಟೆ ಮುಂದಿನ ನಿಲ್ದಾಣವೇ. ದೂರ ಅಲ್ಪ. ಆದರೆ ಆ ಅಲ್ಪದಾರಿಯಲ್ಲಿ ನಮ್ಮ ಮನಸ್ಸು ಸಂಚರಿಸಿದ ನರಕಗಳನ್ನು ಬರೆಯಲಾರೆವು. ಗಾಡಿಗೆ ವಿದ್ಯುತ್ತು ಕೊಡುವ 750 ವೋಲ್ಟಿನ ಮೂರನೆಯ ಹಳಿಯು ಮೇಲೆ ತಂತಿಯಾಗಿರದೆ ಕೆಳಗೆ ನೆಲದ ಮಟ್ಟದಲ್ಲಿಯೇ ಹಾದಿರುತ್ತದೆ. ಅತ್ತೆಯವರು ನಮ್ಮನ್ನು ಹುಡುಕುತ್ತಾ ಅಂಚಿಗೆ ಬಂದರೆ? ಬೇರೊಂದು ಗಾಡಿ ಹತ್ತಿಬಿಟ್ಟರೆ? ಹೊರಗೆ ಹೋಗೋಣವೆಂದರೆ ಟಿಕೆಟಿಲ್ಲ, ನಮಗೆ ತಿಳಿಸೋಣವೆಂದರೆ ಫೋನಿಲ್ಲ. ಎಪ್ಪತ್ತೆಂಟರ ಜೀವದಿಂದ ಎಲ್ಲ ಆಧಾರಗಳನ್ನೂ ಪ್ರೀತಿಯ ಹೆಸರಿನಲ್ಲಿ ನಾವೇ ಕಿತ್ತುಕೊಂಡಿದ್ದೆವು. ಪಕ್ಕದಲ್ಲಿದ್ದ ಕಾಲೇಜು ಹುಡುಗಿಯೊಬ್ಬಳು, “ಗಾಬರಿಯಾಗಬೇಡಿ ಅಂಕಲ್, ಇಳಿದು ವಾಪಸ್ ಗಾಡಿ ಹಿಡಿಯಿರಿ, ಅಲ್ಲಿ ಸಿಬ್ಬಂದಿ ಇರುತ್ತಾರೆ” ಎಂದಳು. ಅವಳ ಹೆಸರನ್ನು ಕೇಳುವಷ್ಟು ಬುದ್ಧಿಯೂ ಆಗ ನಮಗಿರಲಿಲ್ಲ.

ಹಿಂದಿರುಗಿ ಬಂದಾಗ ಅತ್ತೆಯವರು ಹಳದಿ ಗೆರೆಯಿಂದ ಬಹುದೂರ, ಬಿಟ್ಟಲ್ಲಿಯೇ ಕಂಬಕ್ಕೆ ಆತುಕೊಂಡು ನಿಂತಿದ್ದರು. ಪಕ್ಕದಲ್ಲಿ ಕಸಬರಿಗೆ ಹಿಡಿದ ಸಫಾಯಿಯ ಹೆಣ್ಣುಮಗಳು. ಸೀಟಿ ಊದುತ್ತಿದ್ದ ಕಾವಲಿನವನನ್ನು ಕರೆದು ತಂದವಳೂ ಅವಳೇ. ಅಷ್ಟರಲ್ಲಿ ಅತ್ತೆಯವರು ಅವಳ ಊರು, ಮಕ್ಕಳು, ಸಂಬಳ ಎಲ್ಲವನ್ನೂ ವಿಚಾರಿಸಿ ಮುಗಿಸಿದ್ದರು.

“ನೀ ಬಂದ ಬರ್ತೀ ಅಂತ ಗೊತ್ತಿತ್ತು ಅಳಿಯಾ” ಎಂದರು. “ಜಾತ್ರ್ಯಾಗ ಕೈ ತಪ್ಪಿದ್ರ ನಿಂತಲ್ಲೇ ನಿಂದರ್ರಿ ಅಂತ ನಿಮಗೆಲ್ಲ ಹೇಳಿ ಬೆಳೆಸಿದಾಕಿ ನಾನು. ನಾನ ಓಡ್ಯಾಡಿದ್ರ ಹೆಂಗ?”

ಕ್ಷಮೆ ಕೇಳಲು ಬಾಯಿ ಬರಲಿಲ್ಲ. ಕೈಚೀಲವನ್ನು ಅವರ ಕೈಗಿತ್ತು, ಒಂದು ಚೀಟಿಯಲ್ಲಿ ನಮ್ಮ ದೂರವಾಣಿ ಸಂಖ್ಯೆ ಮತ್ತು ಜಯನಗರದ ವಿಳಾಸವನ್ನು ಬರೆದು ಅದರೊಳಗಿಟ್ಟೆವು. ರಾಣೆಬೆನ್ನೂರಿನಲ್ಲಿಯೇ ಮಾಡಬಹುದಾಗಿದ್ದ ಕೆಲಸವದು. ಮುಂದಿನ ಎರಡು ಗಾಡಿಗಳನ್ನು ಬೇಕೆಂದೇ ಬಿಟ್ಟೆವು. ಮೂರನೆಯದರಲ್ಲಿ ಅವರನ್ನು ಮುಂದೆ ಹತ್ತಿಸಿ ಹಿಂದಿನಿಂದ ನಾವು ಹತ್ತಿದೆವು. ಒಬ್ಬ ಯುವಕ ಎದ್ದು ಜಾಗ ಕೊಟ್ಟನು. ಟವೆಲ್ಲಿನ ಅಗತ್ಯವೇ ಇರಲಿಲ್ಲ.

ಗಾಡಿ ಸುರಂಗ ಹೊಕ್ಕಾಗ, ಭಯ ಕಳೆದ ಉತ್ಸಾಹದಲ್ಲಿ, ಈ ಸ್ಥಳದ ಚರಿತ್ರೆಯನ್ನು ಹೇಳತೊಡಗಿದೆವು. ಮೇಲಿರುವ ಬಸ್ ನಿಲ್ದಾಣವು ಧರ್ಮಾಂಬುಧಿ ಕೆರೆಯ ಅಂಗಳವೆಂದೂ, ಪೇಟೆಯ ಜನಕ್ಕೆ ಒಂದು ಕಾಲದಲ್ಲಿ ಆ ಕೆರೆ ನೀರುಣಿಸುತ್ತಿತ್ತೆಂದೂ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದಿಂದ ಕೊಳವೆಯ ನೀರು ಬಂದ ಮೇಲೆ ಹಳೆಯ ಕೆರೆಗಳ ಕಡೆ ಊರಿನ ಗಮನ ತಪ್ಪಿತೆಂದೂ ವಿವರಿಸಿದೆವು. ಅತ್ತೆಯವರು ಕಿಟಕಿಯಾಚೆಯ ಕತ್ತಲನ್ನೇ ನೋಡುತ್ತಾ ಕೇಳಿದರು.

“ಕೆರಿ ಮ್ಯಾಲ ಬಸ್ಸು, ಕೆರಿ ಕೆಳಗ ರೈಲು. ಹಂಗಾರ ಮಳಿ ಬಂದಾಗ ಆ ನೀರು ಎಲ್ಲಿಗೆ ಹೋಗ್ತೈತಿ ಅಳಿಯಾ?”

ಉತ್ತರ ಹುಡುಕುತ್ತಿರುವಾಗಲೇ ಚಿಕ್ಕಪೇಟೆ ಬಂತು.