ಮೊದಲ ಸಾಲಿನಲ್ಲಿ ಭಯ ಬರೆಯಬೇಡಿ

"ಕೈಗೆ ಸಿಗೋದನ್ನ ಮೊದಲು ಬರಿ ಪುಟ್ಟಿ. ಆಸೆಯದ್ದು ಆಮೇಲೆ ಬರೆದರಾಯ್ತು."

"ಅದೇ ಸಿಕ್ಕಿಬಿಟ್ಟರೆ ಏನಪ್ಪಾ ಮಾಡೋದು?"

2025ರ ಜುಲೈ ಕೊನೆಯ ವಾರ, ನಾಸಿಕ್ ಹತ್ತಿರದ ಓಝರ್‌ನಲ್ಲಿ ಗೆಳೆಯನ ಮನೆಗೆ ಹೋದಾಗ ಕಿವಿಗೆ ಬಿದ್ದ ಮಾತು ಇದು. ಗೆಳೆಯ ಎಚ್‌ಎಎಲ್ ನೌಕರ, ಬೆಂಗಳೂರಿನಿಂದ ವರ್ಗವಾಗಿ ಬಂದವನು. ಮಗಳು ಎಂಎಚ್‌ಟಿ-ಸಿಇಟಿ ಬರೆದು ಎಂಜಿನಿಯರಿಂಗ್ ಸೀಟಿಗೆ ಕಾಯುತ್ತಿದ್ದಳು. ಅವಳ ಕಣ್ಣು ಛತ್ರಪತಿ ಸಂಭಾಜಿನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಮೇಲೆ. ಅದು 1960ರಲ್ಲಿ ಶುರುವಾದದ್ದು, ಸ್ವಾಯತ್ತ ಸಂಸ್ಥೆ, ಶುಲ್ಕವೂ ಕಡಿಮೆ. ಅಪ್ಪನಿಗೆ ಮನೆಯಿಂದ ಬಸ್ಸಿನಲ್ಲಿ ಹೋಗಿಬರಬಹುದಾದ ನಾಸಿಕ್‌ನ ಖಾಸಗಿ ಕಾಲೇಜೇ ಸಾಕು. ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಬರೆಯುವ ಆಪ್ಷನ್ ಫಾರ್ಮ್‌ನ ಮೊದಲ ಸಾಲು ಇನ್ನೂ ಖಾಲಿ. ಮೇಜಿನ ಮೇಲೆ ಚಹಾ ಆರುತ್ತಿತ್ತು.

ಅಪ್ಪನದು ಎಲ್ಲ ಅಪ್ಪಂದಿರ ಲೆಕ್ಕ. ಆದರೆ ನಿಯಮ ಓದಿಕೊಂಡಿದ್ದವಳು ಮಗಳು.

ಮಹಾರಾಷ್ಟ್ರದ ಕೇಂದ್ರೀಕೃತ ಪ್ರವೇಶ ಪ್ರಕ್ರಿಯೆಯನ್ನು ಇಲ್ಲಿ ಎಲ್ಲರೂ 'ಕ್ಯಾಪ್ ರೌಂಡ್' ಎನ್ನುತ್ತಾರೆ. 2025-26ರಲ್ಲಿ ಎಂಜಿನಿಯರಿಂಗ್‌ಗೆ ಅಂಥ ನಾಲ್ಕು ಸುತ್ತು. ಮೊದಲ ಸುತ್ತಿನಲ್ಲಿ ನೀವು ಒಂದನೆಯದಾಗಿ ಬರೆದ ಕಾಲೇಜು ಸಿಕ್ಕರೆ ಆ ಸೀಟು ತಾನಾಗಿಯೇ 'ಫ್ರೀಜ್'. ಸೇರಲೇಬೇಕು, ಸೇರದಿದ್ದರೆ ಮುಂದಿನ ಸುತ್ತುಗಳಿಗೆ ಪ್ರವೇಶವಿಲ್ಲ. ಎರಡನೆಯ ಸುತ್ತಿನಲ್ಲಿ ಮೊದಲ ಮೂರು ಆಯ್ಕೆಗಳಿಗೆ ಈ ಕಟ್ಟು, ಮೂರನೆಯದರಲ್ಲಿ ಮೊದಲ ಆರಕ್ಕೆ. ನಾಲ್ಕನೆಯ ಸುತ್ತಿನಲ್ಲಿ ಯಾವುದು ಸಿಕ್ಕರೂ ಅದೇ ಕೊನೆ.

ಈಗ ಅಪ್ಪನ ಲೆಕ್ಕ ನೋಡಿ. ಭಯಕ್ಕೆ ನಾಸಿಕ್ ಕಾಲೇಜನ್ನು ಮೇಲೆ ಬರೆದರೆ ಅದು ಸಿಕ್ಕೇ ಸಿಗುತ್ತದೆ, ಫ್ರೀಜ್ ಆಗುತ್ತದೆ, ಸಂಭಾಜಿನಗರದ ಬಾಗಿಲು ಅಲ್ಲಿಗೆ ಮುಚ್ಚಿತು. ಸಂಭಾಜಿನಗರವನ್ನು ಮೇಲೆ ಬರೆದು ಅದು ಸಿಗದಿದ್ದರೆ? ಕಂಪ್ಯೂಟರ್ ಎರಡನೆಯ ಸಾಲಿಗೆ ಇಳಿದು ನಾಸಿಕ್ ಸೀಟನ್ನು ಕೊಡುತ್ತದೆ. ಸೀಟು ಹಂಚುವುದು ಮೆರಿಟ್ ಕ್ರಮದಲ್ಲಿ. ಯಾವ ಕಾಲೇಜನ್ನು ಎಷ್ಟನೆಯದಾಗಿ ಬರೆದಿರಿ ಎಂಬುದರಿಂದ ನಿಮ್ಮ ರ‍್ಯಾಂಕ್ ಏರುವುದಿಲ್ಲ, ಇಳಿಯುವುದೂ ಇಲ್ಲ. ಆಸೆ ಪಟ್ಟದ್ದಕ್ಕೆ ಇಲ್ಲಿ ದಂಡವಿಲ್ಲ.

ಅಮೆರಿಕದಲ್ಲಿ ಓದಲು ಹೊರಟವರ ಮನೆಗಳಲ್ಲಿ ಇದೇ ಸಂಕಟಕ್ಕೆ 'ಅರ್ಲಿ ಡಿಸಿಷನ್' ಎಂದು ಹೆಸರು. ನವೆಂಬರ್‌ನಲ್ಲಿ ಒಂದೇ ಕನಸಿನ ಕಾಲೇಜಿಗೆ ಮಾತು ಕೊಟ್ಟು ಅರ್ಜಿ ಹಾಕಬೇಕು. ಡಿಸೆಂಬರ್‌ನಲ್ಲಿ ಸೀಟು ಕೊಟ್ಟರೆ ಉಳಿದ ಅರ್ಜಿಗಳನ್ನೆಲ್ಲ ಹಿಂಪಡೆದು ಅಲ್ಲಿಗೇ ಹೋಗಬೇಕು. ಯಾವ ಕಾಲೇಜು ಎಷ್ಟು ಧನಸಹಾಯ ಕೊಡುತ್ತದೆ ಎಂದು ಹೋಲಿಸಿ ನೋಡಲು ಬಡವರಿಗೆ ಅವಕಾಶವೇ ಇಲ್ಲ ಎಂಬ ಆಕ್ಷೇಪ ಹಳೆಯದು. ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್ 2006ರಲ್ಲಿ ಮುಂಗಡ ಪ್ರವೇಶವನ್ನೇ ಕೈಬಿಡುವುದಾಗಿ ಸಾರಿದವು. 2011ರಲ್ಲಿ ಮನಸ್ಸು ಬದಲಿಸಿ, ಸೇರಲೇಬೇಕೆಂಬ ಕಟ್ಟಿಲ್ಲದ ರೂಪದಲ್ಲಿ ಮರಳಿ ತಂದವು. ಅಲ್ಲಿ 'ನೀನೇ ನನ್ನ ಮೊದಲ ಆಯ್ಕೆ' ಎಂದರೆ ಕಾಲೇಜಿಗೆ ಖುಷಿ. ಕ್ಯಾಪ್ ರೌಂಡಿನ ಕಂಪ್ಯೂಟರ್‌ಗೆ ಅದರಿಂದ ಖುಷಿಯೂ ಇಲ್ಲ, ಮುನಿಸೂ ಇಲ್ಲ.

ಹಾಗಿದ್ದೂ ಮನೆಮನೆಯಲ್ಲಿ ಚಿಂತೆ ಏಕೆ? ಕಳೆದ ವರ್ಷದ ಕಟ್‌ಆಫ್ ಪಟ್ಟಿಯೇ ಕಾರಣ. ಅದನ್ನು ಮುಂದಿಟ್ಟುಕೊಂಡು 'ಇವಳಿಗೆ ಚಾನ್ಸ್ ಇದೆಯಾ' ಎಂದು ದಿನಕ್ಕೆ ಹತ್ತು ಸಲ ಗುಣಿಸಿ ಭಾಗಿಸುವುದು, ಹೋದ ವರ್ಷದ ಲಾಸಲ್‌ಗಾವ್ ಈರುಳ್ಳಿ ದರ ನೋಡಿ ಈ ವರ್ಷದ ಸಾಲ ತೀರಿಸಲು ಹೊರಟ ಹಾಗೆ. ಬರೆದವರ ಸಂಖ್ಯೆ, ಸೀಟುಗಳ ಸಂಖ್ಯೆ, ಕಂಪ್ಯೂಟರ್ ಸೈನ್ಸ್‌ನ ಮೋಹ ಎಲ್ಲವೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಮೇಲಾಗಿ ಪಟ್ಟಿಯಲ್ಲಿ ಒಂದೇ ಕಾಲೇಜಿಗೆ ಎಷ್ಟೋ ಕಟ್‌ಆಫ್‌ಗಳಿರುತ್ತವೆ. ಸಂಕೇತದ ಕೊನೆಗೆ 'ಎಚ್' ಇದ್ದರೆ ಹೋಮ್ ಯೂನಿವರ್ಸಿಟಿ, ಅಂದರೆ ಆ ವಿಶ್ವವಿದ್ಯಾಲಯದ ವ್ಯಾಪ್ತಿಯವರ ಸೀಟು, 'ಓ' ಇದ್ದರೆ ಹೊರಗಿನವರದು, 'ಎಸ್' ಇದ್ದರೆ ಇಡೀ ರಾಜ್ಯಕ್ಕೆ ಸೇರಿದ್ದು. ನಾಸಿಕ್ ಇರುವುದು ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ, ಸಂಭಾಜಿನಗರ ಡಾ. ಬಾಬಾಸಾಹೇಬ್ ಅಂಬೇಡ್ಕರ್ ಮರಾಠವಾಡ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ. ಹೀಗಾಗಿ ಒಂದೂರಿನ ಮಗು ಇನ್ನೊಂದೂರಿನ ಎಷ್ಟೋ ಕಾಲೇಜುಗಳಿಗೆ ಹೊರಗಿನದು. ಗೋದಾವರಿಯ ನೀರು ನಾಸಿಕ್‌ನಿಂದ ಸಂಭಾಜಿನಗರದ ಕಡೆಯ ಜಾಯಕವಾಡಿ ಅಣೆಕಟ್ಟಿಗೆ ಇಳಿಯುವಾಗಲೂ ಜಗಳ, ಮಕ್ಕಳು ಅದೇ ದಾರಿಯಲ್ಲಿ ಹೊರಟಾಗಲೂ ಲೆಕ್ಕಾಚಾರ! ಯಾವ ಅಕ್ಷರ ನಮ್ಮದು ಎಂದು ತಿಳಿಯದೆ ಕಟ್‌ಆಫ್ ಓದಿದರೆ ಸಿಗುವುದು ತಲೆನೋವು ಮಾತ್ರ.

ಹಾಗೆಂದು ನಿಯಮವೆಲ್ಲ ಚೊಕ್ಕ ಎಂದು ನಾನು ಹೇಳುತ್ತಿಲ್ಲ. ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಎಂಬ ಗಣಿತಜ್ಞರು 1962ರಲ್ಲೇ ಕಾಲೇಜು ಸೀಟು ಹಂಚಿಕೆಯ ಲೆಕ್ಕ ಬಿಡಿಸಿದರು. ಶಾಪ್ಲಿ 2012ರಲ್ಲಿ ನೊಬೆಲ್ ಹಂಚಿಕೊಂಡರು. ಆ ದಾರಿಯಲ್ಲಿ ಬೆಳೆದ ಸಂಶೋಧನೆ ಕಲಿಸಿದ ಪಾಠ ಸರಳ: ಮನಸ್ಸಿನಲ್ಲಿದ್ದದ್ದನ್ನು ಇದ್ದ ಹಾಗೇ ಬರೆದ ವಿದ್ಯಾರ್ಥಿಗೆ ನಷ್ಟವಾಗಬಾರದು. ನಮ್ಮ ಮೊದಲ ಸುತ್ತು ಈ ಪರೀಕ್ಷೆಯಲ್ಲಿ ಪಾಸು. ಎರಡನೆಯದು ಎಡವುತ್ತದೆ. ಮೂರನೆಯ ಇಷ್ಟ ಸಿಕ್ಕರೂ ಕಟ್ಟಿಹಾಕುತ್ತದೆ, ಮುಂದಿನ ಸುತ್ತಿನಲ್ಲಿ ಮೊದಲ ಇಷ್ಟದ ಸೀಟು ಖಾಲಿಯಾದರೂ ಕೇಳುವ ಹಕ್ಕು ಉಳಿಯುವುದಿಲ್ಲ.

ಕರ್ನಾಟಕದಲ್ಲಿ ಪರೀಕ್ಷಾ ಪ್ರಾಧಿಕಾರ (ಕೆಇಎ) ಸಿಕ್ಕ ಸೀಟಿಗೆ ಕಟ್ಟುಬೀಳಬೇಕೇ ಎಂಬ ತೀರ್ಮಾನವನ್ನು ವಿದ್ಯಾರ್ಥಿಗೇ ಬಿಟ್ಟಿದೆ. ಮೊದಲು ಅಣಕು ಸೀಟು ಹಂಚಿಕೆ. ನಿಜವಾದ ಹಂಚಿಕೆಯಾದ ಮೇಲೆ ನಾಲ್ಕು ಚಾಯ್ಸ್: ಒಪ್ಪಿ ಸೇರುತ್ತೇನೆ, ಒಪ್ಪಿದ್ದೇನೆ ಆದರೆ ಮುಂದಿನ ಸುತ್ತಿಗೂ ಇರುತ್ತೇನೆ, ಇದು ಬೇಡ ಮುಂದಿನದು ನೋಡುತ್ತೇನೆ, ಹೊರಗೆ ಹೋಗುತ್ತೇನೆ. ಅಲ್ಲೂ ಗೊಂದಲ, ಕಣ್ಣೀರು ಇದ್ದೇ ಇವೆ. ಆದರೂ ಅಣಕು ಹಂಚಿಕೆ ನೋಡಿದ ಮಗುವಿಗೆ ತಾನು ನಿಂತ ಜಾಗ ಅಂದಾಜಾಗುತ್ತದೆ. ಅಂಥದೊಂದು ಅಭ್ಯಾಸದ ಸುತ್ತನ್ನು ಮಹಾರಾಷ್ಟ್ರದ ಸಿಇಟಿ ಸೆಲ್ ಕೂಡ ನಡೆಸಲಿ. ಆಪ್ಷನ್ ಫಾರ್ಮ್ ತುಂಬಿಕೊಡಲು ದುಡ್ಡು ಕೇಳುವವರ ಅರ್ಧ ವ್ಯಾಪಾರ ಅಲ್ಲಿಗೆ ನಿಂತೀತು. ಹೊರನಾಡ ಕನ್ನಡಿಗರಿಗೆ ಇನ್ನೊಂದು ಮಾತು: ನಮ್ಮ ಮಕ್ಕಳಿಗೆ ಕರ್ನಾಟಕದ ಸೀಟಿನ ದಾರಿಯೂ ತೆರೆದಿದೆ. ಅದಕ್ಕೆ ಕೆಇಎ ನಡೆಸುವ ಕನ್ನಡ ಭಾಷಾ ಪರೀಕ್ಷೆ ಪಾಸಾಗಬೇಕು. ಮನೆಯಲ್ಲಿ ಕನ್ನಡ ಓದಿಸಿದವರಿಗೆ ಅದು ಹೊರೆಯಲ್ಲ.

ಓಝರ್‌ನ ಹುಡುಗಿ ಸಂಭಾಜಿನಗರವನ್ನೇ ಮೊದಲು ಬರೆದಳು. ಮೊದಲ ಸುತ್ತಿನಲ್ಲಿ ಬಂದದ್ದು ಎರಡನೆಯ ಸಾಲಿನ ನಾಸಿಕ್. ಅದನ್ನು ಕೈಯಲ್ಲಿಟ್ಟುಕೊಂಡೇ ಎರಡನೆಯ ಸುತ್ತಿಗೆ ಸಂಭಾಜಿನಗರದ ಮೂರು ಬ್ರಾಂಚ್‌ಗಳನ್ನಷ್ಟೇ ಬರೆದಳು. ಮೂರೂ ಸಿಗಲಿಲ್ಲ. ಈಗ ಓದುತ್ತಿರುವುದು ನಾಸಿಕ್‌ನಲ್ಲೇ, ಅಪ್ಪ ಬಯಸಿದ ಕಾಲೇಜಿನಲ್ಲೇ. "ಕೇಳಿ ನೋಡಿದ್ದಾಯ್ತಲ್ಲ ಅಂಕಲ್" ಎಂದಳು ಮೊನ್ನೆ ಸಿಕ್ಕಾಗ, ಮುಖದಲ್ಲಿ ಬೇಸರವಿರಲಿಲ್ಲ.

ಈ ವರ್ಷ ಫಾರ್ಮ್ ತುಂಬುವ ಅಪ್ಪ ಅಮ್ಮಂದಿರೇ, ಮಾಹಿತಿ ಪುಸ್ತಿಕೆಯನ್ನು ಒಮ್ಮೆ ಪೂರ್ತಿ ಓದಿ, ನಿಯಮ ಬದಲಾಗಿದೆಯೇ ನೋಡಿ. ಆಮೇಲೆ ಮೊದಲ ಸಾಲನ್ನು ಮಗುವಿಗೆ ಬಿಡಿ.