ವಿದ್ಯೆಯ ದಶವಂದ

'ಸುಸ್ಥಿರತೆ'ಯೆಂಬ ಮಾತು ಈಗ ನಮ್ಮ ವಿಶ್ವವಿದ್ಯಾನಿಲಯಗಳ ಸಭೆಗಳಲ್ಲಿ ತೀರ್ಥದಂತೆ ಹಂಚಿಕೆಯಾಗುತ್ತಿದೆ. ಹಂಚುವವರಿಗೆ ಆಯಾಸವಿಲ್ಲ, ಕೈಯೊಡ್ಡಿದವರಿಗೆ ದಾಹ ಹಿಂಗುವುದೂ ಇಲ್ಲ.

ಪರಿಸರವನ್ನು ಶಾಲೆ ಕಾಲೇಜುಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ಅಪ್ಪಣೆ ಮಾಡಿತಷ್ಟೆ. ಮುಂದೆ ಅನುದಾನ ಆಯೋಗ ಪದವಿ ತರಗತಿಗಳಿಗೆಲ್ಲ ಆರು ತಿಂಗಳ ಪಾಠಪಟ್ಟಿಯೊಂದನ್ನು ಸಿದ್ಧಪಡಿಸಿತು: ಒಟ್ಟು 50 ಪಾಠ, ಅದರಲ್ಲಿ 5 ಪಾಠದ ಹೊತ್ತು ಹೊರಗೆ ಹೋಗಿ ಕಣ್ಣಾರೆ ಕಂಡು ಬರೆಯಲು. ಆ ಐದರ ಗತಿ ಏನಾಯಿತೆಂಬುದನ್ನು ಅಧ್ಯಾಪಕರು ಎದೆ ಮುಟ್ಟಿಕೊಂಡು ಹೇಳಲಿ. ಪಟ್ಟಿ ಆಮೇಲೆ ಬದಲಾಯಿತು. ಓದಿ, ಬರೆದು, ಮರೆಯುವ ಪದ್ಧತಿ ಬದಲಾಗಲಿಲ್ಲ.

ಅರಸೀಕೆರೆಯ ಬಳಿಯ ಹಾರನಹಳ್ಳಿಯನ್ನೇ ನೋಡಿರಿ. 1235ರ ಸುಮಾರಿನ ಲಕ್ಷ್ಮೀನರಸಿಂಹ, ಸೋಮೇಶ್ವರ ಗುಡಿಗಳನ್ನು ತೋರಿಸಲು ವಿದ್ಯಾರ್ಥಿಗಳನ್ನು ಕರೆತರುತ್ತಾರೆ. ಸಂತೋಷ. ಆದರೆ ಗುಡಿ ನೋಡಿದವರನ್ನು ಕೆರೆಯ ಏರಿಯ ಮೇಲೂ ನಿಲ್ಲಿಸುವ ಮೇಷ್ಟರೆಷ್ಟು ಮಂದಿ? ಈ ಸೀಮೆಯಲ್ಲಿ ಕೆರೆಯಿಲ್ಲದೆ ಗದ್ದೆಯಿಲ್ಲ, ಗದ್ದೆಯಿಲ್ಲದೆ ಗುಡಿಯಿಲ್ಲ. ತಾಲ್ಲೂಕಿನ ಹೆಸರಿನಲ್ಲಿಯೇ ಕೆರೆಯಿದೆ. ಹಾರನಹಳ್ಳಿಯ ಮಠದ ಹೆಸರಿನಲ್ಲಿಯೇ ಕೋಡಿಯಿದೆ.

ರೈಸರು ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲಿಯೇ ಅಚ್ಚು ಹಾಕಿಸಿದರು. ಬಿಟ್ಟುವಟ್ಟ, ಕಟ್ಟುಗೊಡಗೆ, ದಶವಂದ ಎಂಬ ಮಾತುಗಳು ಕನ್ನಡನಾಡಿನ ಶಾಸನಗಳಲ್ಲಿ ದೊರೆಯುತ್ತವೆ. ಕೆರೆ ಕಟ್ಟಿದವನಿಗೆ, ಅದನ್ನು ಕಾಯುವವನಿಗೆ ಬಿಟ್ಟ ಭೂಮಿ, ಹುಟ್ಟುವಳಿಯ ಪಾಲು ಇವು. ಅಂದರೆ ಕಟ್ಟುವುದರ ಜೊತೆಗೇ ಉಳಿಸುವುದಕ್ಕೂ ದಾರಿ ಮಾಡುತ್ತಿದ್ದರು. ಸುಸ್ಥಿರತೆಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಬೇಕೆ? ನಾವಾದರೋ ಈ ಪದಗಳಿಗೆ ಅರ್ಥ ಬರೆಸಿ, ಮುಂದಿನ ಪುಟಕ್ಕೆ ಹೋಗುತ್ತೇವೆ.

"ಭಾಷೆಯ ಮೇಷ್ಟರಿಗೆ ಕೆರೆಯ ಗೊಡವೆಯೇಕೆ? ಅದು ವಿಜ್ಞಾನಿಗಳ ಕೆಲಸ" ಎನ್ನುವ ಮಹನೀಯರಿದ್ದಾರೆ. ನೀರಿನ ಮಟ್ಟವನ್ನು ಅಳೆಯಲು ವಿಜ್ಞಾನಿಯೇ ಬೇಕು, ನಿಜ. ಆದರೆ ಕೆರೆಗಳು ಕೆಟ್ಟದ್ದು ಹೂಳು ತುಂಬಿ ಮಾತ್ರವಲ್ಲ, ಹೊಣೆ ತಪ್ಪಿ. ಆ ಹೊಣೆಯ ಕಥೆ ಶಾಸನದಲ್ಲಿದೆ, ಕಂದಾಯದ ಕಡತದಲ್ಲಿದೆ, ನೀರುಗಂಟಿಯ ಮನೆಯವರ ನೆನಪಿನಲ್ಲಿದೆ. ಅದನ್ನು ಓದಬೇಕಾದವರು ಕನ್ನಡ, ಇತಿಹಾಸ, ಅರ್ಥಶಾಸ್ತ್ರಗಳ ಪಂಡಿತರಲ್ಲದೆ ಮತ್ತಾರು?

ಇದು ಪಾಂಡಿತ್ಯದ ಜಗಳವಲ್ಲ. ಇದು ತೆಂಗಿನ ಸೀಮೆ. ಕೊಳವೆಬಾವಿ ಬತ್ತಿ ತೋಟ ಒಣಗಿದರೆ, ಹೊಸ ಸಸಿ ಫಲ ಕೊಡುವತನಕ ಆ ಮನೆ ವರ್ಷಗಟ್ಟಲೆ ಕಾಯಬೇಕು. ಘಟ್ಟದ ನೀರನ್ನು ಪೂರ್ವಕ್ಕೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಕಡೆ ಚಾಲನೆ ದೊರೆಯಿತು. ನೀರು ದೂರದಿಂದ ಬಂದೀತು. ಕೆರೆಯನ್ನು ಕಾಯುವ ಹೊಣೆಯೂ ದೂರದಿಂದ ಬಂದೀತೆ?

ಆದುದರಿಂದ ಇನ್ನೊಂದು ಕಡ್ಡಾಯದ ಪತ್ರಿಕೆ ಬೇಡ. ಪ್ರತಿಯೊಂದು ಕಾಲೇಜೂ ತನ್ನ ಸುತ್ತಿನ ಒಂದು ಕೆರೆಯನ್ನು ಹಿಡಿಯಲಿ. ಒಬ್ಬರು ಶಾಸನ ಓದಲಿ, ಒಬ್ಬರು ಹೂಳು ಅಳೆಯಲಿ, ಒಬ್ಬರು ಲೆಕ್ಕ ಬರೆಯಲಿ. ಪ್ರಬಂಧ ಕನ್ನಡದಲ್ಲಿರಲಿ; ಅದರ ಒಂದು ಪ್ರತಿ ಗ್ರಾಮ ಪಂಚಾಯಿತಿಗೆ ಹೋಗಲಿ; ಊರಿನವರು ಓದಿ ತಪ್ಪು ತೋರಿಸಲಿ. ಅವರಿಗಿಂತ ಕಟ್ಟುನಿಟ್ಟಾದ ಪರೀಕ್ಷಕರು ಯಾವ ವಿಶ್ವವಿದ್ಯಾನಿಲಯದಲ್ಲಿಯೂ ಸಿಕ್ಕುವುದಿಲ್ಲ.

ಐವತ್ತರಲ್ಲಿ ಐದೆಂದರೆ ಹತ್ತರಲ್ಲಿ ಒಂದು, ದಶವಂದವೇ ಸರಿ. ಊರಿನ ತೆರಿಗೆಯಿಂದ ನಡೆಯುವ ವಿದ್ಯೆ ಅಷ್ಟನ್ನಾದರೂ ಊರಿನ ಕೆರೆಗೆ ಸಲ್ಲಿಸಬೇಡವೆ?