ಕ್ಯಾಮೆರಾ ಕೊಂಡವರು ಕಿಂಡಿಗೆ ಕಣ್ಣಿಡಬೇಕು

ಜಾತ್ರೆ, ಗ್ರಾಮಸಭೆ, ಶಾಲೆಯ ವಾರ್ಷಿಕೋತ್ಸವ, ಎಲ್ಲಿಗೆ ಹೋದರೂ ಈಗ ಕೊರಳಿಗೆ ಕ್ಯಾಮೆರಾ ಹಾಕಿಕೊಂಡ ಒಬ್ಬಿಬ್ಬರು ಹುಡುಗ ಹುಡುಗಿಯರು ಕಾಣುತ್ತಾರೆ. ಕ್ಯಾನನ್ 1500ಡಿ, ನಿಕಾನ್ ಡಿ3500ನಂಥ ಕಲಿಕೆಯ ಕ್ಯಾಮೆರಾಗಳು, ಬಹಳ ಸಲ ಸೆಕೆಂಡ್ ಹ್ಯಾಂಡ್. ಸಂತೋಷದ ಸಂಗತಿಯೇ. ಆದರೆ ಹೆಚ್ಚಿನವರು ಅದನ್ನು ಹಿಡಿಯುವುದು ಮೊಬೈಲ್ ಹಿಡಿದ ಹಾಗೆ: ಎರಡೂ ಕೈ ಮುಂದಕ್ಕೆ ಚಾಚಿ, ಹಿಂದಿನ ಪರದೆ ನೋಡುತ್ತಾ. ಪರದೆಯ ಮೇಲಿರುವ ಪುಟ್ಟ ಕಿಂಡಿಗೆ, ಅಂದರೆ ವ್ಯೂಫೈಂಡರ್‌ಗೆ, ಕಣ್ಣಿಡುವವರು ಕಡಿಮೆ.

ಹೀಗೆ ಮಾಡಿದರೆ ಕೊಟ್ಟ ದುಡ್ಡಿನ ಅರ್ಧ ಪ್ರಯೋಜನ ಸಿಗುವುದಿಲ್ಲ ಎಂಬುದು ನನ್ನ ವಾದ. ಸುದ್ದಿಗಾಗಿಯೋ ಹೊಟ್ಟೆಪಾಡಿಗಾಗಿಯೋ ಫೋಟೊ ತೆಗೆಯುವವರಿಗಂತೂ ಈ ಕಿಂಡಿ ಬೇಕೇ ಬೇಕು.

ಮೊದಲ ಕಾರಣ ನಮ್ಮ ಬಿಸಿಲು. ಮಧ್ಯಾಹ್ನ ಹನ್ನೆರಡಕ್ಕೆ ತೇರು ಎಳೆಯುವಾಗ ಪರದೆಯಲ್ಲಿ ನಿಮ್ಮ ಮುಖವೇ ಕಾಣುತ್ತದೆ, ತೇರು ಕಾಣುವುದಿಲ್ಲ. ಕಿಂಡಿಗೆ ಕಣ್ಣಿಟ್ಟರೆ ಆ ತೊಂದರೆ ಇಲ್ಲ. ಡಿಎಸ್ಎಲ್ಆರ್ ಕ್ಯಾಮೆರಾದಲ್ಲಿ ಲೆನ್ಸ್ ಮೂಲಕ ಬಂದ ಬೆಳಕೇ ಒಳಗಿನ ಕನ್ನಡಿಗಳಿಗೆ ಬಡಿದು ನೇರ ನಿಮ್ಮ ಕಣ್ಣಿಗೆ ಬರುತ್ತದೆ. ನೀವು ನೋಡುತ್ತಿರುವುದು ವಿಡಿಯೊ ಅಲ್ಲ, ಎದುರಿನ ದೃಶ್ಯವನ್ನೇ.

ಎರಡನೆಯದು ಬ್ಯಾಟರಿ. 1500ಡಿಯಲ್ಲಿ ಕಿಂಡಿ ಬಳಸಿದರೆ ಒಂದು ಚಾರ್ಜಿಗೆ ಸುಮಾರು 500 ಫೋಟೊ ಎಂದು ಕಂಪನಿಯೇ ಹೇಳುತ್ತದೆ. ಡಿ3500ಗೆ 1,550. ಲೈವ್ ವ್ಯೂ ಹಾಕಿ ಪರದೆ ಬೆಳಗಿಸಿಕೊಂಡೇ ತೆಗೆದರೆ ಲೆಕ್ಕ ಬಹಳ ಕೆಳಗೆ ಇಳಿಯುತ್ತದೆ. ಹಗಲೆಲ್ಲ ಕರೆಂಟ್ ಇಲ್ಲದ ಊರಲ್ಲಿ, ಒಂದೇ ಬ್ಯಾಟರಿ ಇಟ್ಟುಕೊಂಡವರಿಗೆ ಇದು ಸಣ್ಣ ಮಾತಲ್ಲ.

ಮೂರನೆಯದು ಫೋಕಸ್. ಈ ಅಗ್ಗದ ಡಿಎಸ್ಎಲ್ಆರ್‌ಗಳಲ್ಲಿ ಕಿಂಡಿ ಮೂಲಕ ನೋಡುವಾಗ ಫೋಕಸ್‌ಗೆ ಬೇರೆಯದೇ ಸೆನ್ಸರ್ ಕೆಲಸ ಮಾಡುತ್ತದೆ. ಅದು ಚುರುಕು. ಪರದೆ ನೋಡುತ್ತಾ ತೆಗೆದರೆ ಲೆನ್ಸ್ ಹಿಂದೆ ಮುಂದೆ ತಡಕಾಡುತ್ತದೆ. ಅಷ್ಟರಲ್ಲಿ ಕಬಡ್ಡಿ ರೈಡರ್ ಗೆರೆ ಮುಟ್ಟಿರುತ್ತಾನೆ. 1500ಡಿಯಲ್ಲಿ 9 ಫೋಕಸ್ ಬಿಂದುಗಳಿವೆ, ಅದರಲ್ಲಿ ನಡುವಿನದೇ ಹೆಚ್ಚು ನಂಬಿಕೆಯದು. ಅದನ್ನೇ ಆರಿಸಿ ಕಣ್ಣಿನ ಮೇಲಿಡಿ, ಬಟನ್ ಅರ್ಧ ಒತ್ತಿ, ಬೇಕಾದ ಹಾಗೆ ಚೌಕಟ್ಟು ಸರಿಪಡಿಸಿ, ಪೂರ್ತಿ ಒತ್ತಿ.

ನಾಲ್ಕನೆಯದು ಕೈನಡುಕ. ಚಾಚಿದ ಕೈ ಅಲುಗುತ್ತದೆ. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಎಡಗೈಯಲ್ಲಿ ಲೆನ್ಸನ್ನು ಕೆಳಗಿನಿಂದ ಹಿಡಿದು, ಕ್ಯಾಮೆರಾವನ್ನು ಹುಬ್ಬಿಗೆ ಆನಿಸಿದರೆ ಅದಕ್ಕೆ ಮೂರು ಕಡೆ ಆಸರೆ. ಟ್ಯೂಬ್‌ಲೈಟ್ ಬೆಳಕಿನ ಪಂಚಾಯಿತಿ ಸಭಾಂಗಣದಲ್ಲಿ ಫೋಟೊ ಮಸುಕಾಗುವುದಕ್ಕೂ ಸ್ಪಷ್ಟವಾಗುವುದಕ್ಕೂ ಇದೇ ವ್ಯತ್ಯಾಸ.

ಇಷ್ಟಿದ್ದರೂ ಜನ ಯಾಕೆ ಕಿಂಡಿ ಬಿಟ್ಟರು? ಮುಖ್ಯ ದೂರು ಒಂದೇ: ‘ಅದರಲ್ಲಿ ಎಲ್ಲ ಮಂಜು ಮಂಜು.’ ಹೆಚ್ಚಾಗಿ ಕ್ಯಾಮೆರಾದ ತಪ್ಪೇನೂ ಇರುವುದಿಲ್ಲ. ಕಿಂಡಿಯ ಪಕ್ಕದಲ್ಲೇ ಒಂದು ಪುಟ್ಟ ಚಕ್ರ ಇದೆ, ಡಯಾಪ್ಟರ್ ಅಂತಾರೆ. ಹಳೆಯ ಮಾಲೀಕರು ತಮ್ಮ ಕಣ್ಣಿಗೆ ಹೊಂದಿಸಿಕೊಂಡಿರುತ್ತಾರೆ, ನಿಮ್ಮ ಕಣ್ಣಿಗೆ ನೀವು ಹೊಂದಿಸಿಕೊಳ್ಳಬೇಕು. ಎದುರಿನ ದೃಶ್ಯ ನೋಡಬೇಡಿ. ಕಿಂಡಿಯೊಳಗಿನ ಫೋಕಸ್ ಗುರುತು, ಕೆಳಗಿನ ಅಂಕಿಗಳು ಚೂಪಾಗಿ ಕಾಣುವವರೆಗೆ ಚಕ್ರ ತಿರುಗಿಸಿ. ಇದರಿಂದ ಫೋಟೊದಲ್ಲಿ ಏನೂ ಬದಲಾಗದು, ನಿಮಗೆ ಕಾಣುವುದು ಮಾತ್ರ ಸರಿಹೋಗುತ್ತದೆ. ಡಿ3500ರಲ್ಲಿ ಇದು ಮೈನಸ್ 1.7ರಿಂದ ಪ್ಲಸ್ 0.5ರವರೆಗೆ ಅಷ್ಟೆ. ಅದಕ್ಕಿಂತ ಹೆಚ್ಚಿನ ನಂಬರಿನವರು ಕನ್ನಡಕ ಹಾಕಿಕೊಂಡೇ ನೋಡಬೇಕು.

ಕಿಂಡಿಗೂ ಮಿತಿಗಳಿವೆ, ಮುಚ್ಚಿಡುವುದು ಬೇಡ. ಮೇಲೆ ಹೇಳಿದ ಎರಡೂ ಕ್ಯಾಮೆರಾಗಳ ಕಿಂಡಿ ತೋರಿಸುವುದು ಚಿತ್ರದ ಸುಮಾರು 95 ಭಾಗ ಮಾತ್ರ. ನಿಮಗೆ ಕಾಣದ ವೈರು, ಪ್ಲಾಸ್ಟಿಕ್ ಕೊಡ ಅಂಚಿನಲ್ಲಿ ಬಂದು ಕೂರಬಹುದು. ಆಮೇಲೆ ಕತ್ತರಿಸಿದರಾಯಿತು. ಬೆಳಕು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನೂ ಈ ಕಿಂಡಿ ಚಿತ್ರದಲ್ಲಿ ತೋರಿಸುವುದಿಲ್ಲ. ಹಾಗಾಗಿ ಮೊದಲ ಫೋಟೊ ತೆಗೆದು ಪರದೆಯಲ್ಲಿ ಒಮ್ಮೆ ನೋಡಿ. ಬಿಳಿ ಆಕಾಶದ ಎದುರು ಮುಖ ಕಪ್ಪಾಗಿದ್ದರೆ ಪ್ಲಸ್ 1 ಕೊಟ್ಟು ಮತ್ತೆ ಕಿಂಡಿಗೆ ಹೋಗಿ. ಪರದೆ ಇರುವುದು ಹೀಗೆ ಪರೀಕ್ಷೆ ಮಾಡುವುದಕ್ಕೆ. ನೆಲಮಟ್ಟದಿಂದ ತೆಗೆಯುವಾಗ, ಜನರ ತಲೆ ಮೇಲಿಂದ ತೆಗೆಯುವಾಗ, ವಿಡಿಯೊ ಮಾಡುವಾಗಲೂ ಪರದೆಯೇ ಸರಿ.

ಇನ್ನೆರಡು ಎಚ್ಚರಿಕೆ. ಕಿಂಡಿಯಿಂದ ಸೂರ್ಯನನ್ನು ನೋಡಬೇಡಿ, ಗ್ರಹಣದ ದಿನವಂತೂ ಬೇಡವೇ ಬೇಡ. ಲೆನ್ಸ್ ಆ ಬೆಳಕನ್ನು ಕಣ್ಣಿಗೆ ಕೇಂದ್ರೀಕರಿಸುತ್ತದೆ, ಹಾಳಾದ ದೃಷ್ಟಿ ಮರಳಿ ಬಾರದು. ಇನ್ನೊಂದು, ಹೋರಿ ಹಬ್ಬದಂಥ ಕಡೆ. ಕಿಟ್ ಲೆನ್ಸನ್ನು 18 ಎಂಎಂಗೆ ಇಟ್ಟರೆ ಕಿಂಡಿಯಲ್ಲಿ ಎಲ್ಲವೂ ಚಿಕ್ಕದಾಗಿ, ದೂರ ಇರುವಂತೆ ಕಾಣುತ್ತದೆ. ಹೋರಿ ಇನ್ನೂ ಅಲ್ಲಿದೆ ಅಂದುಕೊಳ್ಳುವಷ್ಟರಲ್ಲಿ ಮೈಮೇಲೆ ಬಂದಿರುತ್ತದೆ. ಬೇಲಿಯ ಹಿಂದೆ ನಿಲ್ಲಿ, ಇನ್ನೊಂದು ಕಣ್ಣು ತೆರೆದೇ ಇರಲಿ. ಎರಡೂ ಕಣ್ಣು ತೆರೆದು ನೋಡುವುದು ಒಂದೆರಡು ವಾರದಲ್ಲಿ ರೂಢಿಯಾಗುತ್ತದೆ. ಚೌಕಟ್ಟಿನ ಹೊರಗಿಂದ ಯಾರು ಬರುತ್ತಿದ್ದಾರೆ ಎಂಬುದೂ ತಿಳಿಯುತ್ತದೆ.

ಕ್ಯಾಮೆರಾ ಮುಖಕ್ಕೆ ಅಡ್ಡ ಇಟ್ಟರೆ ಎದುರಿನವರು ಮುದುಡಿಕೊಳ್ಳುತ್ತಾರೆ, ಪರದೆ ನೋಡುತ್ತಾ ಮಾತಾಡಿಸಿಕೊಂಡೇ ತೆಗೆಯಬಹುದು ಎನ್ನುವವರಿದ್ದಾರೆ. ಈ ಮಾತಿನಲ್ಲಿ ನಿಜ ಇದೆ. ಆದರೆ ಅದಕ್ಕೆ ಮದ್ದು ಮೊದಲು ಕ್ಯಾಮೆರಾ ಕೆಳಗಿಟ್ಟು ಮಾತಾಡುವುದು, ಕೇಳಿ ಒಪ್ಪಿಗೆ ಪಡೆಯುವುದು. ಕಳೆ ಕೀಳುತ್ತಿರುವ ಅಜ್ಜಿಗೆ ನೀವು ಯಾರು, ಫೋಟೊ ಯಾವುದಕ್ಕೆ ಎಂದು ಗೊತ್ತಾದ ಮೇಲೆ ನೀವು ಕಿಂಡಿಗೆ ಕಣ್ಣಿಟ್ಟರೂ ಅವರು ತಮ್ಮ ಕೆಲಸ ಮುಂದುವರಿಸುತ್ತಾರೆ.

ಕೊಳ್ಳುವ ಯೋಚನೆಯಲ್ಲಿರುವವರು ಇದನ್ನು ಗಮನಿಸಬೇಕು. ಈಗಿನ ಕೆಲವು ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಕಿಂಡಿಯೇ ಇಲ್ಲ. ಸೋನಿ ಜಡ್‌ವಿ-ಇ10, ನಿಕಾನ್ ಜಡ್30 ಅಂಥವು. ವಿಡಿಯೊ ಮಾಡುವವರಿಗೆ ಅವು ಒಳ್ಳೆಯವೇ. ಆದರೆ ಬಿಸಿಲಲ್ಲಿ ನಿಂತು ಫೋಟೊ ತೆಗೆಯುವುದೇ ನಿಮ್ಮ ಕೆಲಸವಾದರೆ ನಾನು ಬೇಡ ಎನ್ನುತ್ತೇನೆ. ಕ್ಯಾನನ್ ಆರ್100ನಂಥ ಅಗ್ಗದ ಮಾದರಿಯಲ್ಲೂ ಎಲೆಕ್ಟ್ರಾನಿಕ್ ಕಿಂಡಿ ಇದೆ. ಅದರಲ್ಲಿ ಬೆಳಕಿನ ಹೆಚ್ಚು ಕಡಿಮೆಯೂ ಮೊದಲೇ ಕಾಣುತ್ತದೆ, ಬ್ಯಾಟರಿ ಮಾತ್ರ ಬೇಗ ಖಾಲಿ. ಅಷ್ಟು ಹಣವಿಲ್ಲದವರಿಗೆ ಸೆಕೆಂಡ್ ಹ್ಯಾಂಡ್ ಡಿಎಸ್ಎಲ್ಆರ್ ಸಾಕು. ಅಂಗಡಿಯಲ್ಲೇ ಕಿಂಡಿಗೆ ಕಣ್ಣಿಟ್ಟು, ಚಕ್ರ ತಿರುಗಿಸಿ, ಒಳಗೆ ಬೂಷ್ಟು, ಗೀರು ಇಲ್ಲವೆಂದು ನೋಡಿಕೊಂಡೇ ದುಡ್ಡು ಕೊಡಿ.

ಕ್ಯಾಮೆರಾ ಈಗಾಗಲೇ ಮನೆಯಲ್ಲಿದ್ದರೆ ಒಂದು ವಾರ ಲೈವ್ ವ್ಯೂ ಮುಟ್ಟದೆ ತೆಗೆದು ನೋಡಿ. ದಿನಕ್ಕೆ ಇಪ್ಪತ್ತು ಫೋಟೊ ಸಾಕು: ಸಂತೆ, ಹಾಲಿನ ಡೇರಿ, ಬಸ್ ಸ್ಟ್ಯಾಂಡು. ಹಳೆಯ ಫೋಟೊಗಳ ಪಕ್ಕ ಇಟ್ಟು ಹೋಲಿಸಿ, ನನ್ನ ಮಾತು ಸರಿಯೋ ತಪ್ಪೋ ನೀವೇ ಹೇಳಿ.